ಬಲಗಿವಿಯ ಸೀಟಿ

ಮಾರ್ಚ್ ೩, ಸೋಮವಾರ

ಹೊಲಿಗೆಯ ಅಳತೆ ಬರೆದುಕೊಳ್ಳಲು ತರಿಸಿದ ಪುಸ್ತಕಗಳಲ್ಲಿ ಒಂದನ್ನು ಹೆಂಡತಿ ನನ್ನ ಕಡೆ ತಳ್ಳಿದ್ದಾಳೆ. ಪ್ರತಿ ಪುಟದ ತಲೆಯಲ್ಲೂ ಎದೆ, ಸೊಂಟ, ತೋಳು, ಉದ್ದ ಎಂದು ಅಚ್ಚಾಗಿದೆ. “ದಿನಾ ಬಂದು ಸುರಂಗದ ಪುರಾಣ ಊದಿ ನನ್ ತಲೆ ತಿನ್ನೋ ಬದ್ಲು ಇದ್ರಲ್ಲಿ ಬರ್ಕೊಳ್ರಿ. ನಂಗೆ ಇನ್ನೊಂದು ಅಂಗಿ ಹೊಲಿಯೋಕೆ ಪುರುಸೊತ್ತಾಗುತ್ತೆ” ಎಂದಳು. ಸರಿ, ಪುರಾಣ ಇಲ್ಲೇ ಊದುತ್ತೇನೆ. ಪುಸ್ತಕ ತೂಕಡಿಸುವುದಿಲ್ಲ, ಅದೇ ಒಂದು ಸಮಾಧಾನ.

ಇವತ್ತು ಹಲ್ಲು ಬದಲಿಸುವ ಕೆಲಸ ಶುರು. ಸುರಂಗ ಕೊರೆಯುವ ಯಂತ್ರ ನೆಲದಡಿಯಲ್ಲಿ ನಿಂತುಬಿಟ್ಟಿದೆ, ಅದರ ಮೂತಿಯ ಉಕ್ಕಿನ ಹಲ್ಲುಗಳೆಲ್ಲ ಸವೆದಿವೆ. ಬದಲಿಸಬೇಕೆಂದರೆ ಮೂತಿಯ ಹಿಂದಿನ ಕೋಣೆಗೆ ಹೋಗಬೇಕು. ಅಲ್ಲಿ ಎದುರಿಗೆ ಬರೀ ಮಣ್ಣಿನ ಗೋಡೆ, ಅದರ ಬೆನ್ನಿಗೆ ನೀರು. ಅವೆರಡೂ ನಮ್ಮ ಮೇಲೆ ಕುಸಿಯದ ಹಾಗೆ ಕೋಣೆಗೆ ಗಾಳಿ ತುಂಬಿ ಒತ್ತಿ ಹಿಡಿದಿರುತ್ತಾರೆ. ಆ ಒತ್ತಡಕ್ಕೆ ಮೈ ಒಗ್ಗಲಿ ಎಂದು ನಾವು ನಾಲ್ವರೂ ಮೊದಲು ಒಂದು ಕಬ್ಬಿಣದ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತೇವೆ. ಅದಕ್ಕೆ ನಮ್ಮವರ ಹೆಸರು ಡಬ್ಬ.

ಡಬ್ಬದಲ್ಲಿ ಒಂದೇ ಕಾನೂನು. ಗಾಳಿ ಏರುತ್ತಿರುವಷ್ಟು ಹೊತ್ತೂ ಒಂದು ಕೈ ಎತ್ತಿ ಹಿಡಿದಿರಬೇಕು. ಕಿವಿ ನೋಯಿತೋ, ಕೈ ಇಳಿಸಬೇಕು. ದುಂಡು ಗಾಜಿನ ಆಚೆ ಗಾಳಿಯ ವಾಲ್ವು ಹಿಡಿದು ಕೂತಿರುವ ವಾಲ್ವಣ್ಣ ಒಂದು ಕೈ ಇಳಿದರೂ ಗಾಳಿ ನಿಲ್ಲಿಸಿಬಿಡುತ್ತಾನೆ. ಇವತ್ತು ನನ್ನ ಬಾಮೈದ ಮೂರು ಸಲ ಇಳಿಸಿದ. ಮೂರು ಸಲವೂ ಎಲ್ಲರೂ ಕಾದೆವು. “ಏನಯ್ಯಾ, ಕೈ ಅಷ್ಟು ಭಾರಾನಾ? ನಾಳೆ ನಿಮ್ಮಕ್ಕನ ಹತ್ರ ಒಂದು ದಾರ ಇಸ್ಕೊಂಡು ಬರ್ತೀನಿ, ಮೇಲಕ್ಕೆ ಕಟ್ಬಿಡೋಣ” ಎಂದೆ. ನಮ್ಮ ತಂಡದ ವೆಲ್ಡರ್ ನಕ್ಕಿದ್ದಕ್ಕೆ ಡಬ್ಬವೇ ಅಲ್ಲಾಡಿತು. ಆ ಒತ್ತಡದಲ್ಲಿ ಮನುಷ್ಯರ ದನಿ ಬಾತುಕೋಳಿಯ ದನಿಯಾಗುತ್ತದೆ, ಅದರಲ್ಲೂ ವೆಲ್ಡರನ ನಗು ಕೇಳಬೇಕು.

ಮುಂದಿನ ಕೋಣೆಗೆ ಹೋದ ಮೇಲೆ ನನ್ನ ಕೆಲಸ. ವಾಲ್ವಣ್ಣ ಒಂದು ನಿಮಿಷ ಗಾಳಿ ನಿಲ್ಲಿಸುತ್ತಾನೆ. ಯಾರೂ ಕೆಮ್ಮುವಂತಿಲ್ಲ, ಕಾಲು ಕದಲಿಸುವಂತಿಲ್ಲ. ಮಣ್ಣಿನ ಗೋಡೆಗೆ ಬಳಿದ ಜೇಡಿಯ ಲೇಪ ಎಲ್ಲಾದರೂ ಬಿರುಕುಬಿಟ್ಟು ಗಾಳಿ ಸೋರುತ್ತಿದ್ದರೆ ಸಣ್ಣಗೆ ಸೀಟಿ ಕೇಳುತ್ತದೆ. ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುವುದಕ್ಕೂ ಮೊದಲೇ ಅದು ನನ್ನ ಕಿವಿಗೆ ಬೀಳುತ್ತದೆ. ನಾನು “ಸರಿ ಇದೆ” ಎಂದ ಮೇಲೇ ಉಳಿದವರು ಸ್ಪ್ಯಾನರ್ ಎತ್ತುವುದು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಮೇಲಿನವರು ಬೆನ್ನ ಹಿಂದೆ ನನ್ನನ್ನು ಕಿವಿಮೇಸ್ತ್ರಿ ಎನ್ನುವುದು ನನಗೆ ಗೊತ್ತು. ಅನ್ನಲಿ.

ವಾಲ್ವಣ್ಣನ ವಿಷಯ ಒಂದು. ಸುರಂಗದಲ್ಲಿ ನಾವು ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದರೂ ಅವನ ಮೇಜಿನ ಮೇಲಿನ ಪುಟ್ಟ ಫ್ಯಾನ್ ತಿರುಗುತ್ತಲೇ ಇರುತ್ತದೆ. ಅದೂ ಗೋಡೆಗೆ ಮುಖ ಮಾಡಿ. ಗೋಡೆಗೆ ಸೆಕೆಯಾಗುತ್ತದೆಯೋ ಏನೋ.

ಮಾರ್ಚ್ ೫, ಬುಧವಾರ

ನೆಗಡಿ. ಮೂಗು ಸೋರುತ್ತಿದೆ. ನೆಗಡಿಯಾದವನು ಡಬ್ಬಕ್ಕೆ ಹೋಗಕೂಡದು ಎಂಬುದು ನಿಯಮ, ಹೊಸಬರಿಗೆ ಅದನ್ನು ಓದಿ ಹೇಳುವವನೂ ನಾನೇ. ಅಂಗಡಿಯಿಂದ ಮೂಗಿಗೆ ಬಿಡುವ ಹನಿ ತಂದೆ. ಎರಡೆರಡು ಹನಿಗೆ ಮೂಗು ಬಯಲಾಯಿತು. ಬಾಮೈದನ ಕೈಗೆ ದಾರ ಕಟ್ಟಲು ಹೊರಟವನು ಎರಡೇ ದಿನಕ್ಕೆ ನೆಗಡಿ ಎಂದು ಮನೆಯಲ್ಲಿ ಕೂತರೆ ವೆಲ್ಡರ್ ಬಿಡುತ್ತಾನೆಯೇ?

ಮಾರ್ಚ್ ೬, ಗುರುವಾರ

ಅರ್ಧ ಏರುವಷ್ಟರಲ್ಲಿ ಹನಿಯ ಆಟ ಮುಗಿಯಿತು. ಎಡಗಿವಿ ಟಪ್ಪೆಂದು ತೆರೆದುಕೊಂಡಿತು. ಬಲಗಿವಿ ಜಪ್ಪಯ್ಯ ಎನ್ನಲಿಲ್ಲ. ನುಂಗಿದೆ, ಆಕಳಿಸಿದೆ, ದವಡೆ ಹೊರಳಿಸಿದೆ. ಯಾರೋ ಕಿವಿಯೊಳಗೆ ಬೆರಳಿಟ್ಟು ತಿರುಪಿದಂಥ ನೋವು. ಕೈ ಇಳಿಸೋಣ ಎಂದುಕೊಂಡೆ. ಎದುರಿಗೆ ಬಾಮೈದ ನನ್ನನ್ನೇ ನೋಡುತ್ತಿದ್ದ. ಇವತ್ತು ಅವನ ಕೈ ಒಮ್ಮೆಯೂ ಇಳಿದಿರಲಿಲ್ಲ.

ನನ್ನದೂ ಇಳಿಯಲಿಲ್ಲ. ಇನ್ನೊಂದು ಕೈಯಲ್ಲಿ ಮೂಗು ಹಿಡಿದು ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಊದಿದೆ. ಒಳಗೆ ಬಟ್ಟೆ ಹರಿದಂತೆ ಒಂದು ಸದ್ದಾಯಿತು, ಕಿವಿ ಬೆಚ್ಚಗಾಯಿತು, ನೋವು ಹೊರಟೇಹೋಯಿತು. ಗೆದ್ದೆ ಎಂದುಕೊಂಡೆ. ಎರಡು ತಾಸು ಕೆಲಸವೂ ಆಯಿತು.

ವಾಪಸು ಬರುವಾಗ ಗಾಳಿ ಇಳಿಸಿದಂತೆಲ್ಲ ಡಬ್ಬದೊಳಗೆ ತಣ್ಣನೆ ಮಂಜು ಕವಿಯುತ್ತದೆ. ಆ ಮಂಜಿನಲ್ಲಿ ಸೀಟಿ ಕೇಳಿಸಿತು. ಸಣ್ಣದು, ಒಂದೇ ಸಮನೆ. “ಬಾಗಿಲು ಸರಿಯಾಗಿ ಕೂತಿಲ್ಲ ಕಣ್ರೋ, ಗಾಳಿ ಸೋರ್ತಿದೆ” ಎಂದೆ. ಮೂವರೂ ಕಿವಿಗೊಟ್ಟರು. “ಎಲ್ಲಿ ಭಾವ? ಏನೂ ಇಲ್ಲ” ಎಂದ ಬಾಮೈದ.

ಹೊರಗೆ ಬಂದೆ, ಬೂಟು ಕಳಚಿದೆ, ಬಸ್ಸು ಹತ್ತಿದೆ. ಸೀಟಿಯೂ ಹತ್ತಿತು.

ಮಾರ್ಚ್ ೭, ಶುಕ್ರವಾರ

ಇದೆ.

ಫ್ರಿಜ್ಜಿನ ಪ್ಲಗ್ ಕಿತ್ತೆ. ನೀರಿನ ಪಂಪು ನಿಲ್ಲಿಸಿದೆ. ಕೊನೆಗೆ ಮೇನ್ ಸ್ವಿಚ್ಚನ್ನೇ ಆರಿಸಿದೆ. ಹೆಂಡತಿಯ ಯಂತ್ರ ಅರ್ಧ ಕಾಲರಿನಲ್ಲಿ ನಿಂತಿತು. “ಏನ್ರೀ ಅದು, ಹಾಡಹಗಲಲ್ಲಿ ಕಳ್ಳನ ಥರ ಮನೆಯೆಲ್ಲ ತಡಕಾಡ್ತಿದೀರಾ?” ಎಂದಳು. “ಏನಿಲ್ಲ, ವೈರಿಂಗ್ ನೋಡ್ತಿದ್ದೆ” ಎಂದೆ. ಕರೆಂಟಿಲ್ಲದ ಮನೆಯಲ್ಲಿ ಅದು ಇನ್ನೂ ಚೆನ್ನಾಗಿ ಕೇಳುತ್ತಿತ್ತು. ನನ್ನ ಬಲಗಿವಿಯಲ್ಲೇ.

ಮಾರ್ಚ್ ೯, ಭಾನುವಾರ

ಹೊಲಿದ ಬಟ್ಟೆ ಕೊಟ್ಟು ಬರಲು ಹೆಂಡತಿ ಮಧ್ಯಾಹ್ನ ಹೊರಗೆ ಹೋದಳು. ಮನೆ ಶಾಂತವಾಯಿತು. ನನಗೆ ಮನೆ ಶಾಂತವಾಗಿದ್ದರೆ ಎಷ್ಟು ಇಷ್ಟವಿತ್ತು! ಹನ್ನೆರಡು ವರ್ಷ “ಆ ಯಂತ್ರ ಸ್ವಲ್ಪ ನಿಲ್ಸೇ” ಎಂದು ಗೋಗರೆದವನು ನಾನು.

ಇವತ್ತು ಆ ಶಾಂತಿಯಲ್ಲಿ ಹತ್ತು ನಿಮಿಷ ಕೂರಲಾಗಲಿಲ್ಲ. ಗೋಡೆ, ಕುರ್ಚಿ, ನೇತು ಹಾಕಿದ ಅರೆ ಹೊಲಿದ ಅಂಗಿಗಳು, ಎಲ್ಲದರೊಳಗಿಂದಲೂ ಅದೇ ಒಂದು ಗೆರೆಯಂಥ ಸದ್ದು. ತಲೆ ಒದರಿದೆ. ಹಾಸಿಗೆಗೆ ಕಿವಿ ಒತ್ತಿದೆ, ಇನ್ನೂ ಜೋರಾಯಿತು. ಇದು ನಿಲ್ಲದೇ ಹೋದರೆ? ಬರೀ ನಾಳೆಯಲ್ಲ, ಸಾಯುವ ತನಕದ ನಾಳೆಗಳಲ್ಲೆಲ್ಲ ಇದೇ ಇದ್ದರೆ? ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬೀಳುವ ಸದ್ದಿನ ಹತ್ತಿರ ನಿಂತೆ. ಬಕೆಟ್ ತುಂಬಿ ಹರಿಯಿತು. ನಿಂತೇ ಇದ್ದೆ.

ಪುಸ್ತಕದಲ್ಲಿ ‘ಎದೆ’ ಎಂದು ಅಚ್ಚಾಗಿರುವ ಕಡೆ ಏನು ಬರೆಯಲಿ? ಢವಢವ ಎನ್ನುತ್ತಿದೆ, ಅಷ್ಟೆ. ಭಯವಾಗುತ್ತಿದೆ. ಅಪ್ಪನಿಗೆ ಕೊನೆಗೆ ಕಿವಿ ಪೂರ್ತಿ ಹೋಗಿತ್ತು. ಬಾಗಿಲ ಪಕ್ಕ ಕೂತು ಬಂದವರ ಬಾಯನ್ನೇ ನೋಡುತ್ತಿದ್ದ. ನಾವು ನಕ್ಕರೆ ಅವನೂ ನಗುತ್ತಿದ್ದ, ಯಾಕೆಂದು ಗೊತ್ತಿಲ್ಲದೆ. ನಾವು ಅದಕ್ಕೂ ನಗುತ್ತಿದ್ದೆವು.

ಮಾರ್ಚ್ ೧೦, ಸೋಮವಾರ

ನಿಂತಿತು!

ಡಬ್ಬದೊಳಗೆ ಪ್ರಾಣ ಕೈಯಲ್ಲಿ ಹಿಡಿದು ಕೂತಿದ್ದೆ. ನೆಗಡಿ ಬಹುಪಾಲು ಹೋಗಿದೆ, ಮತ್ತೆ ನಾಲ್ಕು ಹನಿ ಬಿಟ್ಟುಕೊಂಡಿದ್ದೆ. ಗಾಳಿ ಏರಿತು, ಸೀಟಿಯೂ ಏರಿತು, ತಲೆ ಸಿಡಿಯುತ್ತದೆ ಎನಿಸಿತು. ಮುಳ್ಳು ಎರಡರ ಹತ್ತಿರ ಬಂದಾಗ ಸುಮ್ಮನೆ ಒಮ್ಮೆ ನುಂಗಿದೆ. ಬಲಗಿವಿ ಟಪ್. ಅಷ್ಟೆ. ಯಾರೋ ಬಾಗಿಲು ಹಾಕಿಕೊಂಡು ಹೋದ ಹಾಗೆ.

ಎಷ್ಟು ಚಂದ ಇತ್ತು ಆ ನಿಶ್ಶಬ್ದ. ಒಂದು ನಿಮಿಷ ಗೋಡೆಗೆ ಕಿವಿಗೊಟ್ಟೆ. ಮಣ್ಣು ಮಲಗಿತ್ತು. “ಸರಿ ಇದೆ” ಎಂದೆ. ಕಣ್ಣಲ್ಲಿ ನೀರು ಬಂತು, ಒಳಗೆ ಎಲ್ಲರೂ ಬೆವರುವುದರಿಂದ ಯಾರಿಗೂ ತಿಳಿಯಲಿಲ್ಲ.

ಇಳಿಯುವಾಗ ಮಂಜಿನ ಜೊತೆ ಮತ್ತೆ ಬಂತು. ಮೊದಲಿಗಿಂತ ಮೊನಚಾಗಿ.

ಮಾರ್ಚ್ ೧೩, ಗುರುವಾರ

ನಾಲ್ಕು ದಿನವೂ ಹೋದೆ. ನಿನ್ನೆ ನನ್ನ ಸರದಿ ಅಲ್ಲ, ಇನ್ನೊಂದು ತಂಡದ ಮೇಸ್ತ್ರಿಗೆ ಹೇಳಿ ಅವನ ಬದಲು ಹೋದೆ. “ಏನ್ ಮಾರಾಯ, ಎಲ್ರೂ ತಪ್ಪಿಸ್ಕೊಳ್ಳೋಕೆ ನೋಡಿದ್ರೆ ನೀನು ನುಗ್ತಿದೀಯ?” ಎಂದ. ಒಳಗೆ ಎರಡು ತಾಸು ಸುಖ. ಹೊರಗೆ ಇಪ್ಪತ್ತೆರಡು ತಾಸು ಇದು. ಇವತ್ತು ಕಿವಿ ತೆರೆಯಲು ನುಂಗಿದ್ದು ಸಾಲಲಿಲ್ಲ, ಮೂಗು ಹಿಡಿದು ಎರಡು ಸಲ ಊದಬೇಕಾಯಿತು.

ಕೈ ಇಳಿಸಲಿಲ್ಲ.

ಮಾರ್ಚ್ ೧೫, ಶನಿವಾರ

ಕಂಪನಿಯ ಡಾಕ್ಟರ ಹತ್ತಿರ ಹೋದರೆ ಡಬ್ಬದ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ. ಅದಕ್ಕೆ ಎರಡು ಬಸ್ಸು ಬದಲಿಸಿ ಬೇರೆ ಕಡೆಯ ಕಿವಿ ಡಾಕ್ಟರಮ್ಮನ ಹತ್ತಿರ ಹೋದೆ. ಕೆಲಸ ಏನೆಂದು ಕೇಳಿದರು. ಗೋಡೆಗೆ ಟೈಲ್ಸ್ ಹಾಕುತ್ತೇನೆ ಎಂದೆ. ನಾಲಿಗೆ ತೊದಲಲಿಲ್ಲ, ನನಗೇ ಆಶ್ಚರ್ಯ.

“ಇತ್ತೀಚೆಗೆ ವಿಮಾನದಲ್ಲಿ ಹೋಗಿದ್ರಾ?”

“ಇಲ್ಲಮ್ಮ.”

“ನೀರೊಳಗೆ ಮುಳುಗೋದು ಗಿಳುಗೋದು?”

“ಸ್ನಾನ ಮಾಡೋದೇ ಕಷ್ಟ.”

“ಮೂಗು ಹಿಡಿದು ಜೋರಾಗಿ ಊದಿದ್ರಾ?”

“ಇಲ್ಲ.”

ಅವರು ಕಿವಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖವನ್ನೂ ಹಾಗೇ ನೋಡಿದರು. “ಟೈಲ್ಸ್ ಹಾಕೋರ ಕಿವಿ ಹೀಗಾಗಲ್ಲ. ಇರಲಿ. ಕಿವಿ ತಮಟೆ ಹಿಂದೆ ಒಂಚೂರು ಜಾಗ ಇದೆ, ಅದರ ತುಂಬ ಗಾಳಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಕೊಳವೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಒಳಗೂ ಹೊರಗೂ ಒತ್ತಡ ಸಮ ಮಾಡುತ್ತೆ. ನಿಮ್ಮದು ಊದ್ಕೊಂಡು ಮುಚ್ಚಿದೆ. ತಮಟೆ ಒಳಕ್ಕೆ ಎಳ್ಕೊಂಡಿದೆ. ಹೊರಗಿನ ಸದ್ದು ಮಂಕಾದಾಗ ಒಳಗಿನ ಸದ್ದು ದೊಡ್ಡದಾಗಿ ಕೇಳುತ್ತೆ.”

“ಕೊಳವೆ ತೆರೆದ್ರೆ ಆ ಸೀಟಿ ನಿಲ್ಲುತ್ತಾ?” ಎಂದೆ. ಆತುರ ತಡೆಯಲಾಗಲಿಲ್ಲ.

“ಸಣ್ಣಗಾಗಬಹುದು. ಒತ್ತಡ ಏರಿಳಿದ ಹಾಗೆ ಅದೂ ಏರಿಳಿಯುತ್ತೆ, ಕೆಲವರಿಗೆ ಸ್ವಲ್ಪ ಹೊತ್ತು ನಿಂತೂ ಹೋಗುತ್ತೆ. ಆದ್ರೆ ನಿಂತ್ರೆ ವಾಸಿಯಾಯ್ತು ಅಂತಲ್ಲ. ಒಳಗಿವಿಗೂ ಪೆಟ್ಟು ಬಿದ್ದಿರೋ ಹಾಗಿದೆ. ಇನ್ನೊಂದು ಸಲ ಜೋರಾಗಿ ಊದಿದ್ರೆ, ಒತ್ತಡ ಬದಲಾಗೋ ಜಾಗಕ್ಕೆ ಹೋದ್ರೆ, ಈ ಕಿವಿ ಪೂರ್ತಿ ಹೋಗಬಹುದು. ಆರು ವಾರ ಹುಷಾರು.”

ತಲೆಯಾಡಿಸಿದೆ. ಮಾತ್ರೆ ಬರೆದುಕೊಟ್ಟರು. ಬಸ್ಸಿನಲ್ಲಿ ಆ ಚೀಟಿಯನ್ನು ಮಡಚಿ ಮಡಚಿ ಹಲ್ಲುಕಡ್ಡಿಯಷ್ಟು ಮಾಡಿದೆ.

ಮಾರ್ಚ್ ೧೭, ಸೋಮವಾರ

ಹೋದೆ. ಹೋಗದೆ ಏನು ಮಾಡಲಿ? ಅಲ್ಲೊಂದೇ ಅದು ಇಲ್ಲದಿರುವುದು.

ಮಾರ್ಚ್ ೧೮, ಮಂಗಳವಾರ

ಊಟದ ಹೊತ್ತಿಗೆ ಬಾಮೈದ ನನ್ನ ಬಲಗಡೆ ಕೂತು ಏನೋ ಹೇಳುತ್ತಿದ್ದನಂತೆ. ತೋಳು ಮುಟ್ಟಿದಾಗಲೇ ತಿರುಗಿದ್ದು. “ಎಲ್ಲಿದೀರ ಭಾವ? ಮೂರು ಸಲ ಕೂಗಿದೆ.” “ಯೋಚ್ನೆ ಮಾಡ್ತಿದ್ದೆ ಕಣೋ” ಎಂದೆ. “ಒಳಗೆ ಕೇಳುವಾಗ್ಲೂ ಈಗೀಗ ಎಡಗಿವಿ ಕೊಡ್ತೀರಿ” ಎಂದ. “ನೀನು ನಿನ್ ಕೈ ನೋಡ್ಕೋ, ನನ್ ಕಿವಿ ನಾನ್ ನೋಡ್ಕೋತೀನಿ” ಎಂದು ರೇಗಿದೆ. ಅವನ ಮುಖ ಸಪ್ಪಗಾಯಿತು. ಅವನು ಹೇಳಿದ್ದು ನಿಜ, ಅದಕ್ಕೇ ರೇಗಿದ್ದು.

ಮಾರ್ಚ್ ೨೦, ಗುರುವಾರ

ಇವತ್ತು ಒಳಗೂ ನಿಲ್ಲಲಿಲ್ಲ.

ಮುಳ್ಳು ಎರಡಕ್ಕೆ ಬಂತು, ಊದಿದೆ, ಟಪ್ಪೆಂದಿತು. ಸಣ್ಣಗಾಯಿತು, ಸತ್ತಿಲ್ಲ. ಒಂದು ಎಳೆ ಉಳಿದುಕೊಂಡಿತು. ಆ ಎಳೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದಿನ ಕೋಣೆಗೆ ಹೋದೆ. ವಾಲ್ವಣ್ಣ ಗಾಳಿ ನಿಲ್ಲಿಸಿದ. ನಿಮಿಷ ಶುರುವಾಯಿತು. ಸೀಟಿ ಕೇಳುತ್ತಿದೆ. ಗೋಡೆಯದೋ ನನ್ನದೋ? ಎಡಗಿವಿ ಕೊಟ್ಟೆ, ಬಲಗಿವಿ ಕೊಟ್ಟೆ. ಎತ್ತ ತಿರುಗಿದರೂ ಅಷ್ಟೇ. ಮೂರು ಮುಖಗಳು ನನ್ನನ್ನೇ ನೋಡುತ್ತಿದ್ದವು.

“ಸರಿ ಇದೆ” ಎಂದೆ.

ಎರಡು ತಾಸು ಆ ಗೋಡೆಯ ಮೇಲಿಂದ ಕಣ್ಣು ಕೀಳಲಿಲ್ಲ. ಬೋಲ್ಟು ಎರಡು ಸಲ ಕೈಜಾರಿತು. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎನ್ನುವುದು ನನ್ನ ಜಾಣತನದಿಂದಲ್ಲ. ಗೊತ್ತಿಲ್ಲದೆ ಹೇಳಿದೆ, ನಾಲ್ಕು ಜೀವದ ಮೇಲೆ.

ಮಾರ್ಚ್ ೨೧, ಶುಕ್ರವಾರ

ಇವತ್ತೂ ಹಾಗೇ ಹೇಳಿದೆ. ಅನ್ನ ಇಳಿಯುತ್ತಿಲ್ಲ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆಯಿಂದ ಹೆಂಡತಿಯ ಹೊಲಿಗೆ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ಅದು ಓಡುತ್ತಿರುವಾಗ ನನ್ನದು ಅದರಡಿ ಮುಳುಗಿಹೋಗುತ್ತದೆ. ಗುಂಡಿ ಎತ್ತಿಕೊಟ್ಟೆ, ದಾರ ಪೋಣಿಸಿಕೊಟ್ಟೆ. ಅವಳು ಸೂಜಿ ಬದಲಿಸಲು ನಿಲ್ಲಿಸಿದಾಗ ನನ್ನ ಬಾಯಿಂದ ಬಂದೇಬಿಟ್ಟಿತು, “ನಿಲ್ಲಿಸ್ಬೇಡ ಕಣೇ.”

ಅವಳು ಕನ್ನಡಕ ತೆಗೆದಳು. “ಹನ್ನೆರಡು ವರ್ಷದಿಂದ ಈ ಯಂತ್ರಾನ ಸವತಿ ಥರ ನೋಡಿದೋರು, ಇವತ್ತು ನಿಲ್ಲಿಸ್ಬೇಡ ಅಂತೀರಿ. ಮೂರು ದಿನದಿಂದ ಊಟ ಇಲ್ಲ. ನಲ್ಲಿ ಬಿಟ್ಕೊಂಡು ನಿಂತಿರ್ತೀರಿ. ಏನಾಗಿದೆ ರೀ?”

“ಕೆಲಸ ಜಾಸ್ತಿ.”

“ನನ್ ತಮ್ಮನೂ ಅದೇ ಕೆಲಸ ಮಾಡ್ತಾನೆ, ಅವನು ಎರಡು ತಟ್ಟೆ ಉಣ್ತಾನೆ.” ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದಳು. “ಅವನನ್ನ ಅಲ್ಲಿಗೆ ಕಳಿಸೋವಾಗ ಅಮ್ಮ ಬೇಡ ಅಂದ್ರು. ನಾನೇ ಹೇಳಿದ್ದು, ಇವರ ಕಿವಿ ಇರೋವಾಗ ಏನು ಭಯ ಅಂತ.”

ಮಾತು ಗಂಟಲವರೆಗೆ ಬಂದಿತ್ತು. ಯಂತ್ರ ಮತ್ತೆ ಓಡತೊಡಗಿತು. ನುಂಗಿಕೊಂಡೆ. ಕಿವಿ ಟಪ್ಪೆನ್ನಲಿಲ್ಲ.

ಮಾರ್ಚ್ ೨೪, ಸೋಮವಾರ

ಅಕ್ಷರ ಹೇಗೆ ಬರುತ್ತದೋ ಬರಲಿ, ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಒಳಗೆ ಹೋದೆವು. ಏರುವಾಗಲೇ ಬಲಗಿವಿ ಕಲ್ಲಾಗಿತ್ತು. ಎಷ್ಟು ಊದಿದರೂ ಅರ್ಧ ತೆರೆಯಿತು, ಮುಚ್ಚಿತು. ಸೀಟಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಮುಂದಿನ ಕೋಣೆ. ಬಾಮೈದ ಮೆಟ್ಟಿಲ ಮೇಲೆ ಹತ್ತಿ ಸ್ಪ್ಯಾನರ್ ಹಿಡಿದು ನಿಂತ, ಗೋಡೆಗೆ ಎಲ್ಲರಿಗಿಂತ ಹತ್ತಿರ ಅವನೇ. ಗಾಳಿ ನಿಂತಿತು.

ನಿಮಿಷ. ಕೇಳುತ್ತಿದೆ. ನುಂಗಿದೆ, ಸೀಟಿ ಸಣ್ಣಗಾಯಿತು. ಹಾಗಾದರೆ ನನ್ನದೇ. ಅದರ ಅಡಿಯಲ್ಲಿ ಇನ್ನೊಂದು ಇದೆಯೇ? ಇದ್ದಂತೆ ಅನಿಸಿತು. ಮತ್ತೆ ನುಂಗಿದೆ, ಎಲ್ಲ ಕಲಸಿಹೋಯಿತು. ಬಾಮೈದ ನನ್ನ ಕಡೆ ನೋಡಿ ಹುಬ್ಬೆತ್ತಿದ, ಶುರು ಹಚ್ಚಲಾ ಎನ್ನುವ ಹಾಗೆ. ‘ಸರಿ ಇದೆ’ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಎರಡು ದಿನ ಹೇಳಿದ್ದೆ, ಮೂರನೆಯದು ಏನೂ ಕಷ್ಟವಲ್ಲ.

ಯಾಕೆಂದು ಗೊತ್ತಿಲ್ಲ, ನನ್ನ ಬಲಗೈ ಎತ್ತಿದಂತೆಯೇ ಇತ್ತು, ಡಬ್ಬದಲ್ಲಿ ಎತ್ತಿದ್ದು. ಅದನ್ನು ಇಳಿಸಿದೆ.

“ನಂಗೆ ಗೊತ್ತಾಗ್ತಿಲ್ಲ” ಎಂದೆ. ಆ ಬಾತುಕೋಳಿಯ ದನಿಯಲ್ಲಿ ಅದು ತಮಾಷೆಯಂತೆ ಕೇಳಿಸಿತು. ವೆಲ್ಡರ್ ನಕ್ಕ. “ನಿಜ ಹೇಳ್ತಿದೀನಿ. ನನ್ ಕಿವಿ ಹಾಳಾಗಿದೆ. ಹದಿನೆಂಟು ದಿನ ಆಯ್ತು. ಒಳಗೆ ಸೀಟಿ ಹೊಡೀತಿದೆ. ಇದು ಗೋಡೆದೋ ನಂದೋ ನಂಗೆ ತಿಳೀತಿಲ್ಲ. ನೀವೇ ಕೇಳಿ. ಕೆಳಗಿಳಿಯೋ ನೀನು.”

ಮೂವರೂ ಕೇಳಿದರು. “ಏನೂ ಇಲ್ಲ” ಎಂದ ವೆಲ್ಡರ್. ಇನ್ನೊಬ್ಬನೂ ತಲೆಯಾಡಿಸಿದ. ಬಾಮೈದ ಮಾತ್ರ ಇಳಿಯಲಿಲ್ಲ. ಬಕೆಟ್ಟಿನಿಂದ ಒಂದು ಹಿಡಿ ಒದ್ದೆ ಜೇಡಿ ತೆಗೆದು ಮೇಲಿನ ಎಡಮೂಲೆಯಿಂದ ಗೋಡೆಗೆ ಬಳಿಯುತ್ತಾ ಹೋದ. ನಡುವೆ ನಿಲ್ಲಿಸಿದ.

“ಭಾವಾ. ಗುಳ್ಳೆ.”

ಒದ್ದೆ ಜೇಡಿಯಲ್ಲಿ ಗುಳ್ಳೆ ಎದ್ದು ಒಳಕ್ಕೆ ಹೀರಿಕೊಂಡು ಹೋಗುತ್ತಿತ್ತು, ಒಂದರ ಹಿಂದೆ ಒಂದು. ಒಣಗಿದ ಲೇಪದಲ್ಲಿ ಗೇಣುದ್ದದ ಬಿರುಕು. ಸ್ಪ್ಯಾನರ್, ಬಕೆಟ್ ಎಲ್ಲ ಅಲ್ಲೇ ಬಿಟ್ಟು ಡಬ್ಬಕ್ಕೆ ಓಡಿ ಬಾಗಿಲು ಬಿಗಿದೆವು. ಎಂಟು ನಿಮಿಷ ಕಳೆದಿರಬೇಕು. ಡಬ್ಬದ ಫೋನಿನಲ್ಲಿ ವಾಲ್ವಣ್ಣ ಮುಳ್ಳು ಬೀಳುತ್ತಿದೆ ಎಂದ. ಬಾಗಿಲಿನ ಆಚೆ ಯಾರೋ ಲಾರಿಗಟ್ಟಲೆ ಮಣ್ಣು ಸುರಿದಂಥ ಸದ್ದಾಯಿತು. ಅದು ಮಾತ್ರ ನನ್ನ ಎರಡು ಕಿವಿಗೂ ಕೇಳಿಸಿತು. ಮೆಟ್ಟಿಲು ಇದ್ದ ಕಡೆ ಈಗ ಕೆಸರು ತುಂಬಿದೆಯಂತೆ.

ಡಬ್ಬದಿಂದ ಹಾಗೇ ಎದ್ದು ಹೊರಗೆ ಬರಲಾಗುವುದಿಲ್ಲ, ಒತ್ತಡ ಇಳಿಸಲು ಒಂದು ತಾಸಿನ ಮೇಲೆ ಬೇಕು. ಅಷ್ಟು ಹೊತ್ತು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಮಂಜು ಕವಿಯಿತು. ಬಹಳ ಹೊತ್ತಿನ ಮೇಲೆ ವೆಲ್ಡರ್ ಕೇಳಿದ, “ಗುರುವಾರ ಸರಿ ಇದೆ ಅಂದ್ರಲ್ಲ? ಶುಕ್ರವಾರ?”

“ಗೊತ್ತಿಲ್ದೆ ಅಂದೆ.”

ಅವನು ಮೊಣಕಾಲನ್ನು ಆಚೆ ಸರಿಸಿದ. ಅಷ್ಟು ಇಕ್ಕಟ್ಟಿನಲ್ಲಿ ಅದು ಹೇಗೆ ಸರಿಯಿತೋ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಒಂದೇ ಏಟಿಗೆ ಎದ್ದು ತಮ್ಮನ ಮನೆಗೆ ಹೋದಳು, ಅವನನ್ನು ಕಣ್ಣಾರೆ ನೋಡಲು. ಬಂದವಳು ನನ್ನ ಜೊತೆ ಮಾತಾಡಿಲ್ಲ. ಯಂತ್ರ ಮಾತ್ರ ಓಡಿಸುತ್ತಿದ್ದಾಳೆ. ಹೊಲಿಯಲು ಇವತ್ತು ಬಟ್ಟೆ ಏನೂ ಇರಲಿಲ್ಲ, ಬರೀ ಚಿಂದಿ ಹೊಲಿಯುತ್ತಿದ್ದಾಳೆ.

ಮಾರ್ಚ್ ೨೬, ಬುಧವಾರ

ಕಂಪನಿಯ ಡಾಕ್ಟರು ಪಟ್ಟಿಯಿಂದ ಹೆಸರು ಹೊಡೆದರು. ಇನ್ನು ಡಬ್ಬಕ್ಕೆ ಕಾಲಿಡುವಂತಿಲ್ಲ, ಜನ್ಮದಲ್ಲಿ. ನಾನು ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಬಂದವನ ಹಾಗೆ ಸೈಟಿನಲ್ಲಿ ಅತ್ತ ಇತ್ತ ಅಲೆಯುತ್ತಿದ್ದೆ.

ವಾಲ್ವಣ್ಣ ಕರೆದ. ಪಕ್ಕದಲ್ಲಿ ಕುರ್ಚಿ ಎಳೆದು ಕೂರಿಸಿದ. ಫ್ಯಾನ್ ಗೋಡೆಗೆ ಮುಖ ಮಾಡಿ ತಿರುಗುತ್ತಿತ್ತು. ಐದು ನಿಮಿಷವಾಗಿರಬೇಕು, ನನ್ನ ಹೆಗಲು ಸಡಿಲವಾಗಿದ್ದು ಆಗಲೇ ಗೊತ್ತಾದದ್ದು. ಫ್ಯಾನಿನ ಸದ್ದಿನೊಳಗೆ ನನ್ನದು ಕರಗಿತ್ತು.

“ನಿಮ್ಗೂನಾ ಅಣ್ಣ?”

“ಇಪ್ಪತ್ತು ವರ್ಷ ಆಯ್ತು. ಎರಡೂ ಕಿವಿ.”

“ನಿಲ್ಲುತ್ತಾ?”

“ಇಲ್ಲ.” ಗಾಜನ್ನು ಬಟ್ಟೆಯಲ್ಲಿ ಒರೆಸಿದ. “ಮೊದಲೆರಡು ವರ್ಷ ಅದು ಯಜಮಾನ, ನಾನು ಆಳು. ಈಗ ಬಾಡಿಗೆಗಿರೋರ ಥರ. ಇದೆ, ಗಲಾಟೆ ಮಾಡುತ್ತೆ, ನಾನೂ ಬಯ್ತೀನಿ. ಆರನೇ ತಾರೀಕು ನಿನ್ ಮುಖ ನೋಡಿದೆ ಗಾಜಿನಲ್ಲಿ. ಕೈ ಮೇಲಿತ್ತು, ಮುಖ ಕೆಳಗಿಳಿದಿತ್ತು. ನಾನೇ ನಿಲ್ಲಿಸ್ಬೇಕಿತ್ತು. ಕಿವಿಮೇಸ್ತ್ರಿ, ಅವನಿಗೆ ಗೊತ್ತಿರುತ್ತೆ ಅಂತ ಬಿಟ್ಟೆ. ತಪ್ಪು ನಂದೂ ಇದೆ.”

ಇಬ್ಬರೂ ಫ್ಯಾನ್ ನೋಡುತ್ತಾ ಕೂತೆವು.

ಏಪ್ರಿಲ್ ೪, ಶುಕ್ರವಾರ

ಸೀಟಿ ಇದೆ. ಬಸ್ಸಿನಲ್ಲಿ ಕಮ್ಮಿ, ಸ್ನಾನದ ಮನೆಯಲ್ಲಿ ಕಮ್ಮಿ, ನೆಗಡಿ ಬಂದರೆ ಜಾಸ್ತಿ, ಮೋಡ ಮುಸುಕಿದ ದಿನವೂ ಜಾಸ್ತಿಯೇನೋ ಅನಿಸುತ್ತದೆ. ಬಲಗಿವಿಯಲ್ಲಿ ಗಡಿಯಾರದ ಸದ್ದು ಕೇಳುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಇದೆಯಾ ಎಂದು ನೋಡಿಕೊಳ್ಳುತ್ತೇನೆ, ಇರುತ್ತದೆ. ಹೆಂಡತಿ ಈಗ ನನ್ನ ಎಡಗಡೆ ಮಲಗುತ್ತಾಳೆ. ಯಾವಾಗ ಜಾಗ ಬದಲಿಸಿದಳೋ ಗೊತ್ತಾಗಲಿಲ್ಲ. ಮಾತು ಶುರುವಾಗಿದೆ, ಬಹುಪಾಲು ಬೈಗುಳ.

ವಾಲ್ವಣ್ಣನ ಹತ್ತಿರ ಕೆಲಸ ಕಲಿಯುತ್ತಿದ್ದೇನೆ. ವಾಲ್ವು ತಿರುಗಿಸುವುದು ಒಂದು ದಿನದ ಪಾಠ. ಉಳಿದದ್ದೆಲ್ಲ ನೋಡುವುದು.

ಏಪ್ರಿಲ್ ೨೧, ಸೋಮವಾರ

ವಾಲ್ವಣ್ಣ ರಜೆ. ಮೊದಲ ಸಲ ನಾನೊಬ್ಬನೇ. ಬೆಳಿಗ್ಗೆಯಿಂದ ಸೀಟಿ ಜೋರು. ಫ್ಯಾನ್ ಗೋಡೆಗೆ ತಿರುಗಿಸಿ ಹಾಕಿಕೊಂಡೆ.

ನಾಲ್ವರು ಒಳಗೆ ಕೂತರು. ಬಾಮೈದ ಈಗ ಮೇಸ್ತ್ರಿ. ವೆಲ್ಡರ್ ಬಂದಿದ್ದ. ಆವತ್ತಿನಿಂದ ನನ್ನ ಮುಖ ನೋಡಿದವನಲ್ಲ, ಇವತ್ತೂ ಗಾಜಿನ ಕಡೆ ಅರ್ಧ ಬೆನ್ನು ಹಾಕಿ ಓರೆಯಾಗಿ ಕೂತ. ನಾಲ್ಕು ಕೈ ಮೇಲೆದ್ದವು. ವಾಲ್ವು ತಿರುಗಿಸಿದೆ.

ಮುಳ್ಳು ಅರ್ಧ ದಾಟಿತು. ನಾಲ್ಕು ಕೈಯೂ ಮೇಲಿದ್ದವು. ವೆಲ್ಡರನ ಕೈ ಎಲ್ಲರಿಗಿಂತ ನೆಟ್ಟಗಿತ್ತು, ತೀರಾ ನೆಟ್ಟಗಿತ್ತು. ಕಣ್ಣಿನ ಬದಿ ಸಣ್ಣಗೆ ಸುಕ್ಕಾಗಿತ್ತು. ದವಡೆ ಬಲಕ್ಕೆ ಒಮ್ಮೆ ಹೊರಳಿತು, ಮತ್ತೊಮ್ಮೆ ಹೊರಳಿತು. ಇನ್ನ್ಯಾರ ಮುಂದೆಯಾದರೂ ಇಳಿಸುತ್ತಿದ್ದನೇನೋ, ನನ್ನ ಮುಂದೆ ಇಳಿಸುವವನಲ್ಲ. ಮೂಗು ಹಿಡಿಯಲು ಇನ್ನೊಂದು ಕೈ ಎತ್ತಿದ.

ವಾಲ್ವು ಮುಚ್ಚಿದೆ.

ಫೋನಿನಲ್ಲಿ ಬಾಮೈದ, “ಯಾಕ್ ಭಾವ? ಎಲ್ರ ಕೈನೂ ಮೇಲಿದೆ.”

“ಇರಲಿ. ಕಾಯ್ತೀನಿ.”

“ಯಾರಿಗೆ?”

ಒಳಗೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೆಲ್ಡರ್ ತಿರುಗಿ ಗಾಜಿನ ಮೂಲಕ ನನ್ನನ್ನು ದುರುಗುಟ್ಟಿ ನೋಡಿದ. ಬೇಕಾದರೆ ಸಂಜೆಯವರೆಗೂ ನೋಡಲಿ ಎಂದು ನಾನೂ ನೋಡುತ್ತಾ ಕೂತೆ. ಬಲಗಿವಿಯಲ್ಲಿ ಸೀಟಿ ಹಾಡುತ್ತಲೇ ಇತ್ತು. ಆಮೇಲೆ ಅವನ ಕೈ ಮೆಲ್ಲಗೆ ಇಳಿಯಿತು, ಮೊದಲು ಕಿವಿಯವರೆಗೆ, ಆಮೇಲೆ ತೊಡೆಯ ಮೇಲಕ್ಕೆ.

ಯಾರೂ ನಗಲಿಲ್ಲ. ನಾನು ಗಾಳಿಯನ್ನು ಸ್ವಲ್ಪ ಇಳಿಸಿದೆ. ಗಾಜಿನ ಆಚೆ ಅವನು ನುಂಗಿದ, ಮತ್ತೆ ನುಂಗಿದ. ಈಚೆ ನಾನೂ ಅವನ ಜೊತೆ ನುಂಗುತ್ತಿದ್ದೆ.